ಜುಲೈ ಬಿಸಿಲಲ್ಲಿ ಬೊರೆಗೊ ಮರುಭೂಮಿಯ ಲೋಹದ ಪ್ರಾಣಿಗಳನ್ನು ನೋಡಲು ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಸ್ಯಾನ್ ಡಿಯಾಗೋದಲ್ಲಿದ್ದೇವೆ. ಕಲಬುರಗಿಯಿಂದ ಅಪ್ಪ-ಅಮ್ಮ ಮೇ ಕೊನೆಯಲ್ಲಿ ಬಂದಿದ್ದಾರೆ, ನವೆಂಬರ್ ಮಧ್ಯದಲ್ಲಿ ವಾಪಸ್ ಹೋಗುತ್ತಾರೆ. ಬೊರೆಗೊ ಸ್ಪ್ರಿಂಗ್ಸ್‌ನ ಮರುಭೂಮಿಯಲ್ಲಿ ನಿಲ್ಲಿಸಿರುವ ದೊಡ್ಡ ದೊಡ್ಡ ಲೋಹದ ಪ್ರಾಣಿಗಳ ಫೋಟೊ ನೋಡಿ ನಮ್ಮ ಆರು ವರ್ಷದ ಮಗಳು ಹಟ ಹಿಡಿದಿದ್ದಾಳೆ. ಜುಲೈ 4ರ ರಜೆಗೆ ಹೋಗಿಬರೋಣ ಅಂದುಕೊಂಡಿದ್ದೇವೆ. ಅಪ್ಪನಿಗೆ 71 ವರ್ಷ, ಬಿಪಿ, ಶುಗರ್ ಎರಡೂ ಇವೆ. ಬಿಪಿಗೆ ತೆಗೆದುಕೊಳ್ಳುವುದರಲ್ಲಿ ಒಂದು ನೀರಿನ ಮಾತ್ರೆ. ಅಮ್ಮನಿಗೆ ಮಂಡಿನೋವು. 'ಕಲಬುರ್ಗಿ ಬಿಸಲಾಗ ಬೆಳದಾವ್ರು ನಾವ್, ಇದೇನ್ ದೊಡ್ಡದು?' ಅಂತಾರೆ ಅಪ್ಪ. ಸ್ನೇಹಿತರು ಮಾತ್ರ ಹೆದರಿಸುತ್ತಿದ್ದಾರೆ. ಲೋಹ ಮುಟ್ಟಿದರೆ ಕೈ ಸುಡುತ್ತದೆ, ತುಕ್ಕು ಗೀರಿದರೆ ಧನುರ್ವಾಯು ಬರುತ್ತದೆ, ಶಿಲ್ಪಗಳ ಕೆಳಗೆಲ್ಲ ಹಾವುಗಳಿರುತ್ತವೆ, ಮರಳಲ್ಲಿ ಕಾರು ಹೂತುಹೋಗುತ್ತದೆ ಅಂತೆಲ್ಲ. ನಮ್ಮದು ಸಾಮಾನ್ಯ ಸೆಡಾನ್. ಮಧ್ಯಾಹ್ನ ಬಿಟ್ಟು ಸಂಜೆ ತಂಪಿನಲ್ಲಿ ನೋಡಿ ಬಂದರೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಭಯ ಇವೆ, ಒಂದು ಧೈರ್ಯ ಇದೆ. ಭಯಗಳಲ್ಲಿ ಹೆಚ್ಚಿನವಕ್ಕೆ ಸುಲಭದ ಪರಿಹಾರ ಇದೆ. ನನಗೆ ಯೋಚನೆ ಹತ್ತಿಸಿದ್ದು ನಿಮ್ಮ ತಂದೆಯವರ ಧೈರ್ಯ. ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಗಳಿಗೆ ಜನರನ್ನು ಕರೆದುಕೊಂಡು ಹೋಗುವುದೇ ನನ್ನ ಕೆಲಸ. ಬಿಸಿಲಲ್ಲಿ ಕುಸಿದು ಕೂರುವವರು ಹೆದರಿಕೊಂಡು ಬಂದವರಲ್ಲ. 'ನನಗೆ ಬಿಸಿಲು ಗೊತ್ತು' ಅಂತ ಬಂದವರೇ ಜಾಸ್ತಿ.

ಹಾಗಂತ ಅವರ ಮಾತು ಸುಳ್ಳಲ್ಲ. ಬೊರೆಗೊದಲ್ಲಿ ಜುಲೈ ಮಧ್ಯಾಹ್ನ 42 ಡಿಗ್ರಿ ಸಾಮಾನ್ಯ. ಕಲಬುರಗಿಯ ಮೇ ತಿಂಗಳೂ ಅಷ್ಟೇ ಅಲ್ವಾ? ಇಲ್ಲಿ 45 ದಾಟುವ ದಿನಗಳೂ ಬರುತ್ತವೆ, ಆದರೆ ಸರಾಸರಿಯಲ್ಲಿ ಎರಡೂ ಊರು ಹತ್ತಿರ ಹತ್ತಿರ. ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: ಮೇ ತಿಂಗಳ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕಲಬುರಗಿಯಲ್ಲಿ ಅವರು ಎಲ್ಲಿರುತ್ತಿದ್ದರು? ಬಯಲಲ್ಲಂತೂ ಅಲ್ಲ. ಮನೆಯೊಳಗೆ, ಕಿಟಕಿ ಮುಚ್ಚಿಕೊಂಡು, ಫ್ಯಾನ್ ಕೆಳಗೆ. ಹೊರಗೆ ಹೋಗಲೇಬೇಕಾದರೆ ತಲೆಗೆ ಟವೆಲ್ಲು, ಬರುವಾಗ ಮಜ್ಜಿಗೆ, ದಾರಿಯಲ್ಲಿ ಬೇವಿನ ಮರ, ಮೂಲೆಯಲ್ಲೊಂದು ಅರವಟ್ಟಿಗೆ. ಕಲಬುರಗಿಯವರು ಕಲಿತಿರುವುದು ಬಿಸಿಲಿನಿಂದ ತಪ್ಪಿಸಿಕೊಳ್ಳುವುದನ್ನು. ಬೊರೆಗೊದ ಬಯಲಲ್ಲಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಶಿಲ್ಪಗಳ ಸುತ್ತ ಮರ ಇಲ್ಲ, ಚಪ್ಪರ ಇಲ್ಲ, ನಲ್ಲಿ ಇಲ್ಲ, ಶೌಚಾಲಯವೂ ಇಲ್ಲ. ಮೊಣಕಾಲೆತ್ತರದ ಕುರುಚಲು ಗಿಡ, ಮರಳು, ಆಕಾಶ, ಅಷ್ಟೇ.

ಇನ್ನೊಂದು ವಿಷಯ ಇದೆ. ಸೆಕೆಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ಆ ಹೊಂದಿಕೆ ಕಳೆದುಹೋಗಲೂ ಕೆಲವೇ ವಾರ ಸಾಕು. ಮೇ ಕೊನೆಯಿಂದ ಅವರು ಇರುವುದು ಸ್ಯಾನ್ ಡಿಯಾಗೋದಲ್ಲಿ. ಸಮುದ್ರದ ಕಡೆ ಜುಲೈನಲ್ಲೂ 25 ಡಿಗ್ರಿ. ಅಂದರೆ ಕಲಬುರಗಿಯಲ್ಲಿ ಅವರ ಮೈಗೆ ಆಗಿದ್ದ ರೂಢಿ ಜುಲೈ 4ರ ಹೊತ್ತಿಗೆ ಬಹುತೇಕ ಹೋಗಿರುತ್ತದೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗದ ಕಾರಣ 'ನನಗೇನೂ ಬೆವರಿಲ್ಲ' ಅನ್ನಿಸುತ್ತದೆ. ಅಷ್ಟರಲ್ಲಿ ಗಂಟೆಗೆ ಒಂದು ಲೀಟರ್ ನೀರು ಮೈಯಿಂದ ಹೋಗಿರಬಹುದು.

ಇದರ ಮೇಲೆ ನೀರಿನ ಮಾತ್ರೆ ಬೇರೆ. ಅದರ ಕೆಲಸವೇ ಮೈಯಿಂದ ನೀರು, ಉಪ್ಪು ಹೊರಹಾಕುವುದು. ಬಿಪಿಯ ಇನ್ನೂ ಕೆಲವು ಮಾತ್ರೆಗಳು ಸೆಕೆ ಹೆಚ್ಚಿದಾಗ ಹೃದಯ ತನ್ನ ವೇಗ ಏರಿಸಿಕೊಳ್ಳದಂತೆ ತಡೆಯುತ್ತವೆ. ಹಳೆಯ ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು. ಹಾಗಿದ್ದರೆ ಚಪ್ಪಲಿಯೊಳಗೆ ಕಾದ ಮರಳು ಹೊಕ್ಕರೂ ತಕ್ಷಣ ಗೊತ್ತಾಗುವುದಿಲ್ಲ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಯಾವ ತಿಂಗಳಲ್ಲಿ ಹೋದರೂ, ಹೋಗುವ ಮೊದಲು ಅವರ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆಗಳ ಹೆಸರು ಓದಿ ಹೇಳಿ ಕೇಳಿ. ಊರಿನ ಡಾಕ್ಟರಿಗೆ ವಾಟ್ಸ್ಆ್ಯಪ್ ಮಾಡಿದರೂ ಆಯಿತು.

ಈಗ ಲೋಹಕ್ಕೆ ಬರೋಣ. ಇವುಗಳನ್ನು ಮಾಡಿದವರು ರಿಕಾರ್ಡೊ ಬ್ರೆಸೆಡಾ. ಮೆಕ್ಸಿಕೊದ ಡುರಾಂಗೊ ಕಡೆಯವರು. ಕಟ್ಟಡ ಕೆಲಸದಲ್ಲಿದ್ದರು, ಒಂದು ಅಪಘಾತದ ನಂತರ ಅದನ್ನು ಬಿಡಬೇಕಾಯಿತು. ಮಗಳು ಕೇಳಿದಳೆಂದು ಒಂದು ಡೈನೊಸಾರ್ ಮಾಡಿಕೊಟ್ಟರು, ಅಲ್ಲಿಂದ ಶುರುವಾಯಿತು. ಬೊರೆಗೊದಲ್ಲಿ ಜಮೀನು ಕೊಂಡಿಟ್ಟಿದ್ದ ಡೆನಿಸ್ ಏವರಿ ಎಂಬ ಶ್ರೀಮಂತರು ಇವರ ಕೆಲಸ ನೋಡಿ ತಮ್ಮ ಜಾಗಕ್ಕೆ ಪ್ರಾಣಿಗಳನ್ನು ಮಾಡಿಸಿದರು. ಅಂಟಿಸುವ ಲೇಬಲ್‌ಗಳಿಗೆ ಹೆಸರಾದ ಏವರಿ ಮನೆತನದವರು ಅವರು. ಮೊದಲ ಶಿಲ್ಪಗಳು ನಿಂತಿದ್ದು 2008ರಲ್ಲಿ. ಏವರಿ 2012ರಲ್ಲಿ ತೀರಿಕೊಂಡರು, ಜಾಗ ಮಾತ್ರ ಜನರಿಗೆ ತೆರೆದೇ ಇದೆ. ಈಗ 130ಕ್ಕೂ ಹೆಚ್ಚು ಶಿಲ್ಪಗಳಿವೆ.

ಕೆಲಸ ಹೇಗಿದೆ ಅಂದರೆ, ದೂರದಿಂದ ಆನೆ, ಹತ್ತಿರ ಹೋದರೆ ಸಾವಿರಾರು ತಗಡಿನ ಚೂರು. ಒಳಗೆ ಕಬ್ಬಿಣದ ಹಂದರ, ಮೇಲೆ ಕತ್ತರಿಸಿ ಬಡಿದು ಸೊಟ್ಟ ಮಾಡಿದ ತಗಡು, ಒಂದರ ಮೇಲೊಂದು ವೆಲ್ಡ್ ಮಾಡಿದ್ದು. ಚರ್ಮದ ಸುಕ್ಕು ಬೇಕಾದ ಕಡೆ ತಗಡನ್ನು ಮುದುಡಿದ್ದಾರೆ, ಕೂದಲು ಬೇಕಾದ ಕಡೆ ಸಣ್ಣ ಪಟ್ಟಿಗಳಾಗಿ ಸೀಳಿ ಇಳಿಬಿಟ್ಟಿದ್ದಾರೆ. ಬಿಸಿಲೇರುವ ಹೊತ್ತಿಗೆ ಪಕ್ಕದಲ್ಲಿ ಸುಮ್ನೆ ನಿಂತರೆ ತಗಡು ಹಿಗ್ಗುವ ಟಿಕ್ ಟಿಕ್ ಸದ್ದು ಕೇಳುತ್ತದೆ.

ಆ ಸದ್ದು ಕೇಳಿಸಿದರೆ ಮುಟ್ಟುವ ಹೊತ್ತು ಮುಗಿಯಿತು ಅಂತ ತಿಳಿಯಿರಿ. ಕಂದು ತುಕ್ಕಿನ ಬಣ್ಣ ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಗಾಳಿ 42 ಡಿಗ್ರಿ ಇದ್ದರೆ ಬಿಸಿಲಿಗೆ ಮುಖ ಮಾಡಿದ ತಗಡು 60-70 ಡಿಗ್ರಿ ಮುಟ್ಟುತ್ತದೆ. ನಮ್ಮ ಕಡೆ ಮಟಮಟ ಮಧ್ಯಾಹ್ನದ ತಗಡಿನ ಶೆಡ್ಡಿನ ಮೇಲ್ಛಾವಣಿ ಇದ್ದಂತೆ. 60 ಡಿಗ್ರಿ ಲೋಹಕ್ಕೆ ದೊಡ್ಡವರ ಚರ್ಮ ಐದು ಸೆಕೆಂಡಿನಲ್ಲಿ ಸುಡುತ್ತದೆ, 70ಕ್ಕೆ ಒಂದು ಸೆಕೆಂಡೇ ಸಾಕು. ಮಕ್ಕಳ ಚರ್ಮ ಇನ್ನೂ ತೆಳು. ದೊಡ್ಡವರು ಮುಟ್ಟಿದ ತಕ್ಷಣ ಕೈ ಹಿಂದೆಳೆದುಕೊಳ್ಳುತ್ತಾರೆ, ಅದರಿಂದ ದೊಡ್ಡ ತೊಂದರೆ ಆಗುವುದಿಲ್ಲ. ತೊಂದರೆ ಆಗುವುದು ಹತ್ತಿದಾಗ. ಮಗುವನ್ನು ಎತ್ತಿ ಆನೆಯ ಕಾಲಿನ ಮೇಲೆ ಕೂರಿಸಿ 'ಇಲ್ಲಿ ನೋಡು, ನಗು' ಅಂದಾಗ, ಅಥವಾ ಜಾರಿ ಬೀಳುವಾಗ ಎರಡೂ ಕೈಯಲ್ಲಿ ಹಿಡಿದುಕೊಂಡಾಗ. ಹಾಗಾಗಿ 'ಲೋಹ ಸುಡುತ್ತದೆ' ಅನ್ನುವುದು ಜುಲೈನ ಹಗಲಿಗೆ ಪೂರಾ ನಿಜ, ಚಳಿಗಾಲದ ಬೆಳಿಗ್ಗೆಗೆ ಪೂರಾ ಸುಳ್ಳು. ಡಿಸೆಂಬರ್ ಬೆಳಿಗ್ಗೆ ಅದೇ ತಗಡು ಕೈಗೆ ತಣ್ಣಗೆ ಕೊರೆಯುತ್ತದೆ.

ಯಾವ ಕಾಲದಲ್ಲೂ ಹತ್ತಬಾರದು, ಅದಕ್ಕೆ ಕಾರಣ ಬೇರೆ. ತಗಡಿನ ಅಂಚುಗಳು ಹರಿತ. ವೆಲ್ಡ್ ಮಾಡಿದ ಜಾಗ, ನೆಲಕ್ಕೆ ತಾಗಿದ ಜಾಗ, ಇವೆರಡನ್ನು ತುಕ್ಕು ಮೊದಲು ತಿನ್ನುತ್ತದೆ. ವರ್ಷಕ್ಕೆ ಹದಿನೈದು ಸೆಂಟಿಮೀಟರ್ ಆಸುಪಾಸು ಮಳೆ ಬೀಳುವ ಊರು ಅದು. ಹಾಗಾಗಿ ಮಂಗಳೂರಿನ ಗೇಟಿಗೆ ಹಿಡಿಯುವಷ್ಟು ಬೇಗ ತುಕ್ಕು ಅಲ್ಲಿ ಹಿಡಿಯುವುದಿಲ್ಲ. ಮೇಲಿನ ಕಂದು ಬಣ್ಣ ನೋಡಿ 'ಇದು ಇವತ್ತೋ ನಾಳೆಯೋ ಬೀಳುತ್ತದೆ' ಅಂತ ಹೆದರಬೇಕಿಲ್ಲ. ಆದರೆ ದಂತಕ್ಕೆ ಜೋತುಬಿದ್ದರೆ ಅದರ ಭಾರವೆಲ್ಲ ಬೀಳುವುದು ಒಂದು ವೆಲ್ಡಿನ ಮೇಲೆ. ಒಳಗೆ ಎಷ್ಟು ಗಟ್ಟಿಯಿದೆ ಅಂತ ಹೊರಗಿನಿಂದ ಕಾಣುವುದಿಲ್ಲ.

ಧನುರ್ವಾಯುವಿನ ಮಾತು ಅರ್ಧ ಸತ್ಯ. ಅದು ತುಕ್ಕಿನಿಂದ ಬರುವುದಿಲ್ಲ, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ತುಕ್ಕು ಹಿಡಿದ ಮೊಳೆ ಸಾಮಾನ್ಯವಾಗಿ ಮಣ್ಣಲ್ಲೇ ಬಿದ್ದಿರುತ್ತದೆ, ಗಾಯವನ್ನು ಆಳ ಮಾಡುತ್ತದೆ, ಅದಕ್ಕೇ ಆ ಹೆಸರು ತುಕ್ಕಿಗೆ ಅಂಟಿಕೊಂಡಿತು. ಮರುಭೂಮಿಯಲ್ಲಿ ಹೊಳೆಯುವ ಹೊಸ ತಗಡು ಗೀರಿ ಗಾಯಕ್ಕೆ ಮಣ್ಣು ಹೊಕ್ಕರೂ ಅಪಾಯ ಅಷ್ಟೇ. ಗಾಯವನ್ನು ಚೆನ್ನಾಗಿ ನೀರು ಹಾಕಿ ತೊಳೆಯಿರಿ. ದೊಡ್ಡವರಿಗೆ ಹತ್ತು ವರ್ಷಕ್ಕೊಮ್ಮೆ ಇಂಜೆಕ್ಷನ್ ಬೇಕು, ಗಾಯ ಕೊಳಕಾಗಿದ್ದು ಹಿಂದಿನ ಇಂಜೆಕ್ಷನ್ ಆಗಿ ಐದು ವರ್ಷ ದಾಟಿದ್ದರೆ ಆಗ ಇನ್ನೊಂದು. ಮಗಳಿಗೆ ಶಾಲೆಗೆ ಸೇರುವಾಗಲೇ ಲಸಿಕೆ ಆಗಿರುತ್ತದೆ. ಅಪ್ಪ-ಅಮ್ಮ ಯಾವಾಗ ಹಾಕಿಸಿಕೊಂಡಿದ್ದಾರೆ ಅಂತ ಈಗಲೇ ಕೇಳಿಡಿ.

ಹಾವಿನ ವಿಷಯ. ಅಲ್ಲಿ ರ‍್ಯಾಟಲ್‌ಸ್ನೇಕ್ ಇವೆ, ಒಂದಕ್ಕಿಂತ ಹೆಚ್ಚು ಜಾತಿಯವು. ಆದರೆ ಶಿಲ್ಪಗಳ ಕೆಳಗೆಲ್ಲ ಮಲಗಿರುತ್ತವೆ ಅನ್ನುವುದು ಉತ್ಪ್ರೇಕ್ಷೆ. ಹಗಲು ಸುಡುವಾಗ ಅವೂ ನಮ್ಮಂತೆ ನೆರಳು ಹುಡುಕುತ್ತವೆ, ಸೆಕೆಗಾಲದಲ್ಲಿ ಓಡಾಟವೆಲ್ಲ ಸಂಜೆಯ ಮೇಲೆ, ರಾತ್ರಿ. ಬಯಲಲ್ಲಿ ನೆರಳು ಸಿಗುವುದು ಪೊದೆಯ ಬುಡದಲ್ಲಿ, ಇಲ್ಲವೇ ಈ ಪ್ರಾಣಿಗಳ ಹೊಟ್ಟೆಯ ಕೆಳಗೆ. ಹಾಗಾಗಿ ಮಗು ಆಮೆಯ ಕೆಳಗೆ ನುಸುಳಲು ಹೊರಟರೆ ತಡೆಯಿರಿ, ಕಣ್ಣಿಗೆ ಕಾಣದ ಕಡೆ ಕೈ ಹಾಕಬೇಡ ಅಂತ ಮೊದಲೇ ಹೇಳಿಡಿ. ಶಿಲ್ಪಗಳ ಒಳಗೆ ಟೊಳ್ಳು, ಜೇನು ಅಥವಾ ಕಣಜ ಗೂಡು ಕಟ್ಟಿರಬಹುದು. ನನ್ನ ಕೆಲಸದಲ್ಲಿ ಹಾವಿಗಿಂತ ಇದರ ಎಚ್ಚರಿಕೆಯೇ ಜಾಸ್ತಿ. ಗುಂಯ್ ಅನ್ನುವ ಸದ್ದು ಬಂದರೆ ಹತ್ತಿರ ಹೋಗುವುದೇ ಬೇಡ, ಬಡಿದು ನೋಡುವುದಂತೂ ಬೇಡವೇ ಬೇಡ. ಅಕಸ್ಮಾತ್ ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಐಸ್ ಇಡಬೇಡಿ. ಉಂಗುರ, ಬಳೆ ತೆಗೆದು, ಓಡಾಡಿಸದೆ 911ಕ್ಕೆ ಫೋನ್ ಮಾಡಿ.

ನಿಮ್ಮ ಸ್ನೇಹಿತರು ಹೇಳದೇ ಬಿಟ್ಟದ್ದು ಒಂದಿದೆ: ಚೋಯಾ ಕಳ್ಳಿ. ಸ್ವಲ್ಪ ತಾಗಿದರೂ ಗಿಡದಿಂದ ಒಂದು ಉಂಡೆ ಕಿತ್ತು ಬಟ್ಟೆಗೋ ಚರ್ಮಕ್ಕೋ ಅಂಟಿಕೊಳ್ಳುತ್ತದೆ. ಮುಳ್ಳಿನ ತುದಿಯಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಕೈಯಲ್ಲಿ ಕೀಳಲು ಹೋದರೆ ಕೈಗೂ ಅಂಟುತ್ತದೆ. ಉಂಡೆಯ ಕೆಳಗೆ ಬಾಚಣಿಗೆ ತೂರಿಸಿ ಒಮ್ಮೆಲೇ ಚಿಮ್ಮಿಸಿ ತೆಗೆಯಬೇಕು. ಅಮ್ಮನ ಬ್ಯಾಗಿನ ಬಾಚಣಿಗೆ ಸಾಕು. ಎಲ್ಲರಿಗೂ ಮುಚ್ಚಿದ ಶೂ ಇರಲಿ. 'ನನಗೆ ಚಪ್ಪಲಿಯೇ ಆರಾಮ' ಅನ್ನುವ ಹಿರಿಯರ ಜೊತೆ ಇದೊಂದು ವಿಷಯದಲ್ಲಿ ರಾಜಿ ಆಗಬೇಡಿ.

ಕಾರು ಹೂತುಹೋಗುವ ಭಯ ಮಾತ್ರ ಸರಿಯಾದದ್ದೇ. ಶಿಲ್ಪಗಳು ಒಂದೇ ಬೇಲಿಯೊಳಗಿಲ್ಲ. ಊರ ನಡುವೆ ಕ್ರಿಸ್ಮಸ್ ಸರ್ಕಲ್ ಅಂತ ಒಂದು ವೃತ್ತ ಇದೆ, ಅಲ್ಲಿಂದ ಬೊರೆಗೊ ಸ್ಪ್ರಿಂಗ್ಸ್ ರಸ್ತೆಯ ಉತ್ತರಕ್ಕೂ ದಕ್ಷಿಣಕ್ಕೂ ತುಂಡು ತುಂಡು ಜಮೀನುಗಳಲ್ಲಿ ಚದುರಿಕೊಂಡಿವೆ. ಹಲವಕ್ಕೆ ಡಾಂಬರು ರಸ್ತೆಯಿಂದ ಮಣ್ಣಿನ ಜಾಡು ಇದೆ. ಬೇರೆ ಕಾರುಗಳ ಚಕ್ರದ ಗುರುತು ಕಂಡಾಗ 'ಅವರು ಹೋಗಿದ್ದಾರಲ್ಲ' ಅನ್ನಿಸುತ್ತದೆ. ಅವರದು ಜೀಪ್ ಆಗಿರಬಹುದು. ಮರಳು ಕೆಲವು ಕಡೆ ಗಟ್ಟಿ, ನಾಲ್ಕು ಹೆಜ್ಜೆ ಮುಂದೆ ಪುಡಿ. ಸೆಡಾನ್ ಇದ್ದವರಿಗೆ ನಾನು ಹೇಳುವುದು ಒಂದೇ: ಡಾಂಬರಿನ ಪಕ್ಕದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನಡೆದು ಹೋಗಿ. ನಡೆಯಲಾಗದಷ್ಟು ಸೆಕೆ ಇದ್ದರೆ ಆ ಶಿಲ್ಪವನ್ನು ಅವತ್ತಿಗೆ ಬಿಟ್ಟುಬಿಡಿ. ಬಾಡಿಗೆ ಕಾರಾದರೆ ಡಾಂಬರು ಬಿಟ್ಟು ಇಳಿಯಬಾರದೆಂದು ಸಾಮಾನ್ಯವಾಗಿ ಕರಾರಿನಲ್ಲೇ ಇರುತ್ತದೆ. ಹೂತುಹೋದರೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ಇನ್ನೂ ಕೆಳಗಿಳಿಯುತ್ತದೆ. ಚಕ್ರದ ಮುಂದಿನ ಮರಳು ತೆಗೆದು, ಕಾರಿನ ಮ್ಯಾಟ್ ಹಾಸಿ ನಿಧಾನಕ್ಕೆ ನೋಡಿ. ಆಗದಿದ್ದರೆ ಕಾರಿನ ಹತ್ತಿರವೇ ಇರಿ. ಸಹಾಯ ತರುತ್ತೇನೆಂದು ಬಿಸಿಲಲ್ಲಿ ನಡೆದುಹೋಗುವುದೇ ಮರುಭೂಮಿಯಲ್ಲಿ ಜೀವಕ್ಕೆ ಎರವಾಗುವ ಕೆಲಸ. ಮೊಬೈಲ್ ಸಿಗ್ನಲ್ ಊರೊಳಗೆ ಸಿಗುತ್ತದೆ, ಆಚೆ ನಂಬುವಂತಿಲ್ಲ.

ಸಂಜೆ ತಂಪಿರುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಇದು ತುಂಬ ಜನ ನಂಬಿರುವ ತಪ್ಪು ಲೆಕ್ಕ. ದಿನದ ಅತಿ ಹೆಚ್ಚು ಸೆಕೆ ಇರುವುದು ಮಧ್ಯಾಹ್ನ ಹನ್ನೆರಡಕ್ಕಲ್ಲ, ಮೂರರಿಂದ ಐದರೊಳಗೆ. ಜುಲೈನಲ್ಲಿ ಸೂರ್ಯ ಮುಳುಗುವುದೇ ಎಂಟರ ಹತ್ತಿರ. ಆರು ಗಂಟೆಗೂ 40 ಡಿಗ್ರಿ ಇರುವುದು ಅಪರೂಪವಲ್ಲ. ದಿನವಿಡೀ ಕಾದ ಮರಳು ಕತ್ತಲಾದ ಮೇಲೂ ಬಿಸಿ ಉಗುಳುತ್ತಿರುತ್ತದೆ. ಜುಲೈನಲ್ಲಿ ಏನಾದರೂ ಸಾಧ್ಯವಿದ್ದರೆ ಅದು ನಸುಕಿನಲ್ಲಿ ಮಾತ್ರ, ಆಗ 26-27 ಡಿಗ್ರಿ ಇರುತ್ತದೆ.

ಹಾಗಾದರೆ ಏನು ಮಾಡಬಹುದು?

ನಿಮ್ಮ ಪತ್ರದಲ್ಲೇ ಉತ್ತರ ಇದೆ. ಅಪ್ಪ-ಅಮ್ಮ ನವೆಂಬರ್ ಮಧ್ಯದವರೆಗೆ ಇರುತ್ತಾರಲ್ಲ, ನವೆಂಬರ್ ಮೊದಲ ವಾರ ಹೋಗಿ. ಹಗಲು 30 ಡಿಗ್ರಿಗಿಂತ ಸ್ವಲ್ಪ ಕಡಿಮೆ, ಬೆಳಿಗ್ಗೆ ಸ್ವೆಟರ್ ಹಾಕುವಷ್ಟು ಚಳಿ. ಅಪ್ಪ ಎಷ್ಟು ಬೇಕಾದರೂ ನಡೆಯಬಹುದು, ಮಗಳು ಎಲ್ಲ ಪ್ರಾಣಿಗಳ ಹತ್ತಿರ ಹೋಗಿ ನಿಲ್ಲಬಹುದು, ನಿಮಗೂ ಗಡಿಯಾರ ನೋಡುವ ಕೆಲಸ ಇಲ್ಲ. ಇದರಲ್ಲಿ ಇರುವ ರಿಸ್ಕ್ ಒಂದೇ: ಹೊರಡುವ ದಿನ ಹತ್ತಿರ ಬಂದಾಗ ಪ್ಯಾಕಿಂಗ್, ಶಾಪಿಂಗ್ ಅಂತ ಪ್ರವಾಸವೇ ಬಿಟ್ಟುಹೋಗಬಹುದು. ಈಗಲೇ ತಾರೀಖು ಹಾಕಿಡಿ.

ಮಗಳು ನವೆಂಬರ್‌ವರೆಗೆ ಕಾಯುವುದಿಲ್ಲ, ಜುಲೈಗೇ ಹೋಗಬೇಕು ಅಂದರೆ ಹಿಂದಿನ ರಾತ್ರಿಯೇ ಬೊರೆಗೊದಲ್ಲಿ ರೂಮ್ ಮಾಡಿ. ಸೆಕೆಗಾಲದಲ್ಲಿ ಎಲ್ಲ ಹೋಟೆಲ್ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿ. ಎಸಿ ಕೆಲಸ ಮಾಡುತ್ತದಾ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಬೆಳಿಗ್ಗೆ ಐದೂವರೆಗೆ ಶಿಲ್ಪದ ಮುಂದೆ ಇರಿ, ಎಂಟಕ್ಕೆ ಮುಗಿಸಿ. ಎಂಟು ಅಂದರೆ ಎಂಟೇ, 'ಇನ್ನೊಂದೇ ಫೋಟೊ' ಇಲ್ಲ. ಸ್ಯಾನ್ ಡಿಯಾಗೋದಿಂದ ರಾತ್ರಿ ಮೂರಕ್ಕೆ ಹೊರಟು ಹೋಗುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಎರಡು ಗಂಟೆಯ ದಾರಿ, ಕತ್ತಲು, ಘಟ್ಟದ ತಿರುವು, ರಸ್ತೆಗೆ ಅಡ್ಡ ಬರುವ ಜಿಂಕೆ, ನಿದ್ದೆಗಣ್ಣಿನ ಡ್ರೈವರ್. ಅದರ ಅಪಾಯ ಬಿಸಿಲಿಗಿಂತ ಕಡಿಮೆಯೇನಲ್ಲ.

ಇನ್ನೊಂದು ದಾರಿ ಕಾರಿನಿಂದ ಇಳಿಯದೆ ನೋಡುವುದು. ಕೇಳಲು ಸಪ್ಪೆ ಅನ್ನಿಸಬಹುದು. ಆದರೆ ಇಲ್ಲಿಯ ಅತಿ ದೊಡ್ಡ ಶಿಲ್ಪ ಸರ್ಪದಂಥ ಡ್ರ್ಯಾಗನ್, ಅದು ಉತ್ತರದ ರಸ್ತೆಯ ಪಕ್ಕದಲ್ಲೇ ಇದೆ. ಪಕ್ಕದಲ್ಲಿ ಅನ್ನುವುದಕ್ಕಿಂತ ಎರಡೂ ಕಡೆ ಇದೆ. 350 ಅಡಿ ಉದ್ದ. ಮೀಸೆ, ಹಲ್ಲು ಇರುವ ತಲೆ ರಸ್ತೆಯ ಒಂದು ಬದಿ, ಬಾಲ ಇನ್ನೊಂದು ಬದಿ. ನಡುವೆ ಮೈ ಮರಳಲ್ಲಿ ಮುಳುಗಿ ಏಳುವಂತೆ ಕಮಾನುಗಳು. ಡಾಂಬರಿನ ಕೆಳಗಿನಿಂದ ನುಸುಳಿ ಆಚೆ ಎದ್ದಿದೆಯೇನೋ ಅನ್ನಿಸುತ್ತದೆ. ಬಾಲದ ತುದಿಗೆ ರ‍್ಯಾಟಲ್‌ಸ್ನೇಕಿನ ಗಿಲಕಿ ಮಾಡಿ ಕೂರಿಸಿದ್ದಾರೆ. ಅಮ್ಮನಿಗೆ ಮಂಡಿನೋವು ಅಂದಿರಲ್ಲ, ಯಾವ ಕಾಲದಲ್ಲಿ ಹೋದರೂ ಮರಳಲ್ಲಿ ನಡೆಯುವುದು ಅವರಿಗೆ ಕಷ್ಟವೇ. ಇದನ್ನು ಮಾತ್ರ ಅವರು ಸೀಟಿನಲ್ಲಿ ಕೂತೇ ನೋಡಬಹುದು. ಬೆಳಿಗ್ಗೆ ಬೇಗ ಹೋದರೆ ರಸ್ತೆ ಖಾಲಿ ಇರುತ್ತದೆ, ಆದರೂ ನಿಲ್ಲಿಸುವುದಾದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಫೋಟೊಗಾಗಿ ರಸ್ತೆ ನಡುವೆ ನಿಲ್ಲುವ ಜನರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಮಗುವನ್ನಾಗಲಿ ಹಿರಿಯರನ್ನಾಗಲಿ ಎಂಜಿನ್ ಆರಿಸಿದ ಕಾರಿನಲ್ಲಿ 'ಐದೇ ನಿಮಿಷ' ಅಂತ ಬಿಟ್ಟು ಇಳಿಯಬೇಡಿ. ಹತ್ತು ನಿಮಿಷದಲ್ಲಿ ಒಳಗಿನ ಸೆಕೆ ಹತ್ತು ಡಿಗ್ರಿ ಏರುತ್ತದೆ, ಅರ್ಧ ಗಂಟೆಯಲ್ಲಿ ಇಪ್ಪತ್ತರ ಹತ್ತಿರ. ಅಪ್ಪ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ತಂಪು ಚೀಲದಲ್ಲಿಡಿ, ಐಸಿಗೆ ನೇರ ತಾಗದಂತೆ.

ನೀರಿನ ಲೆಕ್ಕ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್. ಎರಡೇ ಗಂಟೆ ಇರುವುದಾದರೂ ಅಷ್ಟು ಕಾರಿನಲ್ಲಿರಲಿ, ಕಾರು ಕೆಟ್ಟರೆ ಬೇಕಾಗುತ್ತದೆ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಒಂದು ಫ್ಲಾಸ್ಕ್. ಬಿಪಿ ಇರುವ ಅಪ್ಪನಿಗೆ ಉಪ್ಪು ಎಷ್ಟು ಅಂತ ಅದೇ ಫೋನ್ ಕರೆಯಲ್ಲಿ ಡಾಕ್ಟರನ್ನು ಕೇಳಿಬಿಡಿ. 'ಬಾಯಾರಿಕೆ ಇಲ್ಲ' ಅಂದರೂ ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಿ. ತಲೆನೋವು, ವಾಂತಿ ಬಂದಂತಾಗುವುದು, ಕಾಲು ಹಿಡಿದುಕೊಳ್ಳುವುದು ಶುರುವಾದರೆ ಎಸಿ ಕಾರಿಗೆ ಕರೆತಂದು ಕುಡಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಮಾತು ತಡವರಿಸಿದರೆ, ಎಲ್ಲಿದ್ದೇವೆ ಅನ್ನುವುದೇ ಮರೆತಂತೆ ಆಡಿದರೆ, ಸಿಡಿಮಿಡಿ ಮಾಡಿದರೆ ಅದು ಬರೀ ದಣಿವಲ್ಲ, ಹೀಟ್ ಸ್ಟ್ರೋಕ್. ಕತ್ತು, ಕಂಕುಳಿಗೆಲ್ಲ ನೀರು ಸುರಿದು ಗಾಳಿ ಬೀಸುತ್ತಾ 911ಕ್ಕೆ ಫೋನ್ ಮಾಡಿ. ಊರಲ್ಲಿ ಕ್ಲಿನಿಕ್ ಇದೆ, ದೊಡ್ಡ ಆಸ್ಪತ್ರೆಗೆ ಒಂದು ಗಂಟೆಗೂ ಹೆಚ್ಚು ದಾರಿ. ನಾನು ಜುಲೈ ಬೇಡ ಅನ್ನುವುದಕ್ಕೆ ಈ ಒಂದು ಗಂಟೆಯೂ ಕಾರಣ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಬರಬಹುದು. ಮಳೆ ಬಿದ್ದದ್ದು ದೂರದ ಬೆಟ್ಟದ ಮೇಲಾದರೂ ಒಣಹಳ್ಳದಲ್ಲಿ ನೀರು ಇಲ್ಲಿಗೆ ನುಗ್ಗುತ್ತದೆ. ಗುಡುಗು ಕೇಳಿದರೆ ಶಿಲ್ಪಗಳ ಹತ್ತಿರ ನಿಲ್ಲಬೇಡಿ. ಲೋಹ ಮಿಂಚನ್ನು ಎಳೆದುಕೊಳ್ಳುತ್ತದೆ ಅನ್ನುವುದು ಸರಿಯಲ್ಲ, ಬಯಲಲ್ಲಿ ಎತ್ತರವಾಗಿ ಒಂಟಿಯಾಗಿ ನಿಂತದ್ದಕ್ಕೆ ಸಿಡಿಲು ಹೊಡೆಯುತ್ತದೆ. ಕಾರಿನೊಳಗೆ ಹೋಗಿ.

ಜುಲೈ 4ಕ್ಕೆ ಮಗಳಿಗೆ ಏನು ಹೇಳುವುದು? ಸ್ಯಾನ್ ಡಿಯಾಗೋದ ಬಾಲ್ಬೋವಾ ಪಾರ್ಕಿನಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇದೆ. ಈ ಪ್ರದೇಶದಲ್ಲಿ ಸಿಕ್ಕ ಪಳೆಯುಳಿಕೆಗಳನ್ನು ಅಲ್ಲಿ ನೋಡಬಹುದು, ಒಳಗೆ ತಂಪೂ ಇದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಬೊರೆಗೊದ ಬಯಲಲ್ಲಿ ನಿಂತ ಪ್ರಾಣಿಗಳಲ್ಲಿ ಹಲವು ಆ ಮಣ್ಣಿನಲ್ಲಿ ನಿಜವಾಗಿ ಬದುಕಿದ್ದವು. ಊರಿನ ಸುತ್ತ ಇರುವ ಆಂಜಾ ಬೊರೆಗೊ ಸ್ಟೇಟ್ ಪಾರ್ಕಿನಲ್ಲಿ ಕಳೆದ ಕೆಲವು ದಶಲಕ್ಷ ವರ್ಷಗಳ ಪಳೆಯುಳಿಕೆ ಸಿಕ್ಕಿವೆ: ಮ್ಯಾಮತ್, ಗೊಂಫೊಥಿಯರ್ ಎಂಬ ಆನೆಯ ನೆಂಟ, ಕತ್ತಿಹಲ್ಲಿನ ಬೆಕ್ಕು, ದೈತ್ಯ ಆಮೆ, ದೊಡ್ಡ ರೆಕ್ಕೆಯ ಹದ್ದಿನಂಥ ಹಕ್ಕಿ. ಒಂಟೆ, ಕುದುರೆಗಳೂ ಇವೆ. ಒಂಟೆಯ ಮೂಲ ಉತ್ತರ ಅಮೆರಿಕ ಅಂತ ಅಪ್ಪನಿಗೆ ಹೇಳಿ ನೋಡಿ, ರಾಜಸ್ಥಾನದ ವಿಷಯ ತೆಗೆದು ಒಂದು ಗಂಟೆ ವಾದ ಮಾಡುತ್ತಾರೆ. ಡೈನೊಸಾರ್‌ಗಳು ಮಾತ್ರ ಅಲ್ಲಿಯವಲ್ಲ. ಅವು 6.6 ಕೋಟಿ ವರ್ಷದ ಹಿಂದೆಯೇ ಅಳಿದವು, ಪಳೆಯುಳಿಕೆ ಸಿಕ್ಕ ಮಣ್ಣು ಅದಕ್ಕಿಂತ ಎಷ್ಟೋ ಹೊಸದು. ಡೈನೊಸಾರ್, ಡ್ರ್ಯಾಗನ್, ಜೀಪಿನಷ್ಟು ದೊಡ್ಡ ಚೇಳು, ಇವೆಲ್ಲ ಕಲಾವಿದರ ಮತ್ತು ಜಮೀನಿನ ಯಜಮಾನರ ಖುಷಿಗೆ. ಮ್ಯೂಸಿಯಂನಲ್ಲಿ ಮೂಳೆ ನೋಡಿಕೊಂಡ ಮಗು ನವೆಂಬರ್‌ನಲ್ಲಿ ಬಯಲಿಗೆ ಬಂದರೆ ಯಾವುದು ನಿಜ, ಯಾವುದು ಕಲ್ಪನೆ ಅಂತ ಅದೇ ನಿಮಗೆ ಹೇಳಿಕೊಡುತ್ತದೆ.

ನವೆಂಬರ್‌ಗೆ ಹೋಗುವುದಾದರೆ ಇನ್ನೆರಡು ಮಾತು. ಶಿಲ್ಪಗಳಿರುವುದು ಸ್ಟೇಟ್ ಪಾರ್ಕಿನಲ್ಲಲ್ಲ, ಖಾಸಗಿ ಜಮೀನಿನಲ್ಲಿ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಅಲ್ಲಿ ಹಾಕಿರುವ ಬೋರ್ಡು ಏನು ಹೇಳುತ್ತದೋ ಅದೇ ನಿಯಮ. ಕಸ ವಾಪಸ್ ತನ್ನಿ. ರಾತ್ರಿ ಅಲ್ಲೇ ಉಳಿದರೆ ಆಕಾಶ ನೋಡಿ. ಬೀದಿದೀಪಗಳ ಬೆಳಕು ಕಡಿಮೆ ಇಟ್ಟುಕೊಂಡಿರುವ ಊರು ಅದು. 2009ರಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಡಾರ್ಕ್ ಸ್ಕೈ ಸಮುದಾಯ ಎಂಬ ಮಾನ್ಯತೆ ಪಡೆದಿದೆ. ಅಮಾವಾಸ್ಯೆಯ ಹತ್ತಿರದ ದಿನ ನೋಡಿಕೊಳ್ಳಿ, ಪಂಚಾಂಗ ಅಮ್ಮನ ಬಳಿ ಇದ್ದೇ ಇರುತ್ತದೆ. ಕತ್ತಲಲ್ಲಿ ಶಿಲ್ಪಗಳ ಫೋಟೊ ತೆಗೆಯುವವರು ಅಲ್ಲಿ ಕ್ಯಾಮೆರಾ ಹಾಕಿಕೊಂಡು ಕೂತಿರುತ್ತಾರೆ. ಹೆಡ್‌ಲೈಟ್ ಅವರ ಕಡೆ ತಿರುಗಿಸಬೇಡಿ, ಕೈಯಲ್ಲಿ ಕೆಂಪು ಟಾರ್ಚ್ ಇರಲಿ. ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಿಡುವ ದಿನ ದಾಟಿದ ಮೇಲೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನ ಎರಡರೊಳಗೆ ಊರು ಸೇರಿಕೊಳ್ಳಿ.

ಹೋಗುವಾಗ ಜೂಲಿಯನ್ ಎಂಬ ಬೆಟ್ಟದ ಊರಿನ ಮೂಲಕ ಹೋಗಿ. ಪೆಟ್ರೋಲ್ ಅಲ್ಲೇ, ಅಥವಾ ಅದಕ್ಕೂ ಮೊದಲೇ ತುಂಬಿಸಿ. ಅಮ್ಮನಿಗೆ ತಿರುವಿನ ರಸ್ತೆಯಲ್ಲಿ ತಲೆ ಸುತ್ತುವುದಾದರೆ ಮುಂದಿನ ಸೀಟು ಕೊಡಿ. ಬರುವಾಗ ಮಾಂಟೆಝುಮಾ ಘಟ್ಟದ ದಾರಿ ಹಿಡಿದರೆ ಒಂದೇ ಸಮನೆ ಸಾವಿರ ಮೀಟರಿನಷ್ಟು ಏರು. ಹಳೆಯ ಕಾರಾದರೆ ಹೊರಡುವ ಮೊದಲು ಕೂಲಂಟ್ ನೋಡಿಸಿ, ಏರುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ನವೆಂಬರ್ ಶನಿವಾರಗಳಲ್ಲಿ ರೂಮ್ ಬೇಗ ತುಂಬುತ್ತದೆ. ಮಗಳಿಗೆ ಒಂದು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ ಅನ್ನುವುದಾದರೆ ಮಂಗಳವಾರವೋ ಬುಧವಾರವೋ ಬುಕ್ ಮಾಡಿ. ಬಾಡಿಗೆಯೂ ಕಡಿಮೆ, ಡ್ರ್ಯಾಗನ್ ಮುಂದೆ ಸರದಿಯೂ ಇರುವುದಿಲ್ಲ.